ವಶಕ್ಕೆ ಪಡೆದರು ಅಂದರೆ ಏನು? ದಸ್ತಗಿರಿ, ಕಸ್ಟಡಿ, ನ್ಯಾಯಾಂಗ ಬಂಧನ ಬಿಡಿಸಿ ನೋಡೋಣ

ರಾತ್ರಿ ಹತ್ತೂವರೆ ಆಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಒಂದು ಹಳ್ಳಿಯಿಂದ ಸಂಬಂಧದಲ್ಲಿ ತಂಗಿಯಾಗಬೇಕಾದವಳ ಫೋನು. ಮಾತಿಗಿಂತ ಅಳುವೇ ಜಾಸ್ತಿ.

“ಯಣ್ಣಾ, ನಮ್ಮ ಹುಡುಗನ್ನ ಮುಂಜಾನೆ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಯಾರ. ಅರೆಸ್ಟ್ ಮಾಡೀರೇನ್ರಿ ಅಂದ್ರ, ಇಲ್ಲಮ್ಮ, ಸುಮ್ನೆ ವಿಚಾರಣಿಗೆ ಕುಂದ್ರಿಸೀವಿ ಅಂತಾರ. ಹಂಗಾದ್ರ ಮನಿಗೆ ಕಳಿಸ್ರಿ ಅಂದ್ರ, ನಾಳೆ ನೋಡಾಮು ಅಂತಾರ. ಈಗ ಅರೆಸ್ಟ್ ಆಗ್ಯದೋ ಇಲ್ಲೋ?”

ಕಾಲುವೆ ದಂಡೆಯಲ್ಲಿದ್ದ ಯಾರದೋ ಪಂಪ್‌ಸೆಟ್ಟಿನ ಕೇಬಲ್ ಕಳುವಾಗಿತ್ತು. ಹುಡುಗನಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಮರುದಿನ ಗೊತ್ತಾಯಿತು, ಮನೆಗೆ ಬಂದ. ಆದರೆ ಅವಳ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಕಾನೂನಿನ ಇಡೀ ಗಂಟು ಆ ಒಂದು ಪ್ರಶ್ನೆಯಲ್ಲೇ ಇದೆ. ದಿನಾ ಪೇಪರಿನಲ್ಲಿ ‘ಐವರು ವಶಕ್ಕೆ’, ‘ಆರೋಪಿ ಬಂಧನ’, ‘14 ದಿನ ನ್ಯಾಯಾಂಗ ಬಂಧನ’ ಅಂತ ಓದುತ್ತೇವೆ. ಮೂರೂ ಒಂದೇ ಅಂದುಕೊಳ್ಳುತ್ತೇವೆ. ಒಂದೇ ಅಲ್ಲ.

ಪದದೊಳಗೇ ಕೈ ಇದೆ

ನಮ್ಮ ಕಡೆ ಹಳೆಯ ಪೊಲೀಸ್ ಕಾಗದಗಳಲ್ಲಿ ‘ದಸ್ತಗಿರಿ’ ಅಂತಲೇ ಇರುತ್ತದೆ. ಈಗಲೂ ಎಷ್ಟೋ ಕಡೆ ಹಾಗೇ ಬರೆಯುತ್ತಾರೆ. ಇದು ಪಾರ್ಸಿಯಿಂದ ಬಂದ ಮಾತು. ದಸ್ತ್ ಅಂದರೆ ಕೈ, ಗೀರ್ ಅಂದರೆ ಹಿಡಿಯುವುದು. ಕೈ ಹಿಡಿಯುವುದೇ ದಸ್ತಗಿರಿ. ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು, ಅಲ್ಲಿ ಕಚೇರಿಯ ಭಾಷೆ ಉರ್ದು. ಹೀಗಾಗಿ ಜಾಮೀನು, ಫಿರ್ಯಾದಿ, ಹಾಜರು, ಸುಪರ್ದಿ ಇವೆಲ್ಲ ನಮ್ಮ ಹಿರಿಯರ ಬಾಯಲ್ಲಿ ಮನೆಮಾತಿನಷ್ಟೇ ಸಲೀಸು.

ಇದೇ ಮಾತಿಗೆ ಇನ್ನೊಂದು ಮುಖವೂ ಇದೆ. ಬಳ್ಳಾರಿ, ರಾಯಚೂರಿನ ಯಾವ ಓಣಿಗೆ ಹೋದರೂ ಒಬ್ಬ ದಸ್ತಗೀರ್ ಸಾಬ್ ಸಿಗುತ್ತಾರೆ. ಅಲ್ಲಿ ಅದೇ ಪದಕ್ಕೆ ‘ಕಷ್ಟದಲ್ಲಿ ಕೈ ಹಿಡಿಯುವವನು’ ಅಂತ ಅರ್ಥ. ಹಿಡಿಯುವ ಕೈ ಕಾಯಲೂಬಹುದು, ಕಟ್ಟಲೂಬಹುದು. ಕಟ್ಟುವ ಕೈಗೆ ಕಾನೂನು ನಿಯಮ ಹಾಕಿದೆ.

ಕಾನೂನಿನ ಮಾತಿನಲ್ಲೂ ಆ ಕೈ ಹಾಗೇ ಉಳಿದಿದೆ. ಬಂಧನ, ತನಿಖೆ, ಜಾಮೀನು ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 43ನೇ ಸೆಕ್ಷನ್ ಹೇಳುವುದು ಇಷ್ಟು: ಬಂಧಿಸುವವನು ಆ ವ್ಯಕ್ತಿಯ ಮೈಯನ್ನು ಮುಟ್ಟಬೇಕು, ಇಲ್ಲವೇ ಅವನನ್ನು ತಡೆದು ಹಿಡಿಯಬೇಕು. ‘ಆಯ್ತು, ಬರ್ತೀನಿ’ ಅಂತ ಮಾತಿನಿಂದಲೋ ನಡೆಯಿಂದಲೋ ಅವನೇ ಒಪ್ಪಿಕೊಂಡರೆ ಮುಟ್ಟುವುದೂ ಬೇಕಿಲ್ಲ. ಹೆಂಗಸರಾದರೆ ಗಂಡು ಪೊಲೀಸರು ಮೈ ಮುಟ್ಟುವ ಹಾಗಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಡಿಜಿಟಲ್ ಅರೆಸ್ಟ್’ ಅಂತ ವಿಡಿಯೊ ಕಾಲ್ ಮಾಡಿ, ಖಾಕಿ ಹಾಕಿಕೊಂಡು ಕೂತು, ಫೋನ್ ಕಟ್ ಮಾಡಿದರೆ ಜೈಲು ಅಂತ ಹೆದರಿಸಿ ದುಡ್ಡು ಕೀಳುವವರಿದ್ದಾರಲ್ಲ, ಅಂಥದ್ದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ದಸ್ತಗಿರಿಗೆ ಕೈ ಬೇಕು. ಫೋನಿನೊಳಗಿಂದ ಯಾರ ಕೈಯೂ ಬರುವುದಿಲ್ಲ. ಅಂಥ ಕಾಲ್ ಬಂದರೆ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಗ್ಗ ಉದ್ದ ಇದ್ದರೂ ಕಟ್ಟಿದ್ದು ಕಟ್ಟಿದ್ದೇ

ಇನ್ನು ‘ವಶ’. ಇದನ್ನೇ ಕಸ್ಟಡಿ ಅನ್ನುತ್ತೇವೆ. ಬಂಧನ ಒಂದು ಗಳಿಗೆಯ ಕೆಲಸ, ಕೈ ಹಿಡಿದ ಆ ಗಳಿಗೆ. ವಶ ಅನ್ನುವುದು ಆಮೇಲಿನ ಸ್ಥಿತಿ. ಇವನು ಈಗ ಯಾರ ಹತೋಟಿಯಲ್ಲಿದ್ದಾನೆ ಅನ್ನುವುದಕ್ಕೆ ಉತ್ತರ ಅದು.

ಸುಪ್ರೀಂ ಕೋರ್ಟ್ 1994ರಲ್ಲಿ ದೀಪಕ್ ಮಹಾಜನ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಪ್ರತಿ ಬಂಧನದಲ್ಲೂ ವಶ ಇದ್ದೇ ಇರುತ್ತದೆ, ಆದರೆ ವಶದಲ್ಲಿದ್ದಾನೆ ಅಂದ ಮಾತ್ರಕ್ಕೆ ಬಂಧನ ಆಗಿದೆ ಅಂತಲ್ಲ. ಉದಾಹರಣೆಗೆ, ಒಬ್ಬ ತಾನಾಗಿಯೇ ಕೋರ್ಟಿಗೆ ಹೋಗಿ ಶರಣಾಗುತ್ತಾನೆ ಅನ್ನಿ. ಪೊಲೀಸರು ಅವನ ಕೈ ಹಿಡಿದಿಲ್ಲ. ಆದರೂ ಅವನು ಕೋರ್ಟಿನ ವಶದಲ್ಲಿದ್ದಾನೆ. 1980ರ ನಿರಂಜನ್ ಸಿಂಗ್ ತೀರ್ಪಿನಲ್ಲಿ ಕೋರ್ಟ್ ಹೇಳಿದ್ದು ಇದನ್ನೇ.

ಹಾಗಾದರೆ ಸ್ಟೇಷನ್ನಿನ ಬೆಂಚಿನ ಮೇಲೆ ‘ಸುಮ್ನೆ’ ಕೂತವನ ಕಥೆ? ಎಮ್ಮೆ ಮೇಯಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಎಮ್ಮೆ ಆರಾಮಾಗಿ ಮೇಯುತ್ತಿರುತ್ತದೆ, ಮಲಗುತ್ತದೆ, ಏಳುತ್ತದೆ. ಆದರೆ ಹಗ್ಗದ ಇನ್ನೊಂದು ತುದಿ ಗೂಟದಲ್ಲಿದ್ದರೆ ಅದು ಕಟ್ಟಿದ ಎಮ್ಮೆಯೇ. ಹಗ್ಗ ಎಷ್ಟು ಉದ್ದ ಅನ್ನುವುದು ಮುಖ್ಯ ಅಲ್ಲ.

ಮನುಷ್ಯನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ. ಅವನು ಎದ್ದು ಮನೆಗೆ ಹೋಗಬಹುದಾ? ಹೋಗಬಹುದಾದರೆ ಅದು ವಿಚಾರಣೆ. ಹೋಗಲು ಬಿಡುವುದಿಲ್ಲವಾದರೆ, ಲಾಕಪ್ಪಿನೊಳಗೆ ಹಾಕದೇ ಇದ್ದರೂ, ಊಟ ಚಹಾ ಕೊಟ್ಟಿದ್ದರೂ, ಅವನ ಸ್ವಾತಂತ್ರ್ಯ ಅವನ ಕೈಯಲ್ಲಿಲ್ಲ. ಸ್ವಾತಂತ್ರ್ಯಕ್ಕೆ ತಡೆ ಬಿದ್ದ ಗಳಿಗೆಯಿಂದಲೇ ಬಂಧನದ ಲೆಕ್ಕ, ಅಧಿಕಾರಿ ಕಾಗದದ ಮೇಲೆ ಬರೆದ ಗಳಿಗೆಯಿಂದ ಅಲ್ಲ ಅಂತ ಬಾಂಬೆ ಹೈಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನ ತಂಗಿಯ ಪ್ರಶ್ನೆಗೆ ಉತ್ತರ ಇದೇ. ಮುಂಜಾನೆಯಿಂದ ರಾತ್ರಿವರೆಗೆ ಮನೆಗೆ ಬಿಡದೆ ಕೂರಿಸಿದ್ದರೆ, ಬಾಯಲ್ಲಿ ಇಲ್ಲ ಅಂದರೂ, ಆ ಹುಡುಗನನ್ನು ಹಿಡಿದಿಟ್ಟ ಹಾಗೆಯೇ.

ಕರೆಯುವುದಕ್ಕೂ ಕ್ರಮ ಇದೆ

ವಿಚಾರಣೆಗೆ ಕರೆಯುವ ಅಧಿಕಾರ ಪೊಲೀಸರಿಗೆ ಖಂಡಿತ ಇದೆ, ಇರಲೂಬೇಕು. ಕೇಬಲ್ ಕಳುವಾದವನಿಗೂ ನ್ಯಾಯ ಸಿಗಬೇಕಲ್ವಾ. ಆದರೆ ಬಾಯಿಮಾತಿನಲ್ಲಿ ‘ಬಾರಪ್ಪ’ ಅಂದರೆ ಸಾಲದು.

ಸಾಕ್ಷಿ ಹೇಳಲು ಕರೆಯುವುದಾದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಕೊಡಬೇಕು. ಹೆಂಗಸರನ್ನು, 15 ವರ್ಷದೊಳಗಿನವರನ್ನು, 60 ದಾಟಿದವರನ್ನು, ಅಂಗವಿಕಲರನ್ನು, ಕಾಯಿಲೆಯಿಂದ ನರಳುತ್ತಿರುವವರನ್ನು ಸ್ಟೇಷನ್ನಿಗೆ ಬಾ ಅನ್ನುವಂತಿಲ್ಲ. ಅವರಿದ್ದ ಮನೆಗೇ ಹೋಗಿ ಕೇಳಬೇಕು.

ಆರೋಪ ಇರುವವನನ್ನು ಕರೆಯುವುದಾದರೆ 35ನೇ ಸೆಕ್ಷನ್ನಿನ 3ನೇ ಉಪವಿಧಿಯ ನೋಟಿಸ್. ‘ಇಂಥ ದಿನ, ಇಂಥ ಹೊತ್ತಿಗೆ ಬಂದು ಹಾಜರಾಗು’ ಅನ್ನುವ ಕಾಗದ ಅದು. ಹೇಳಿದ ಹಾಗೆ ಹಾಜರಾಗುತ್ತಾ ಇದ್ದವನನ್ನು ಸುಮ್ನೆ ಬಂಧಿಸುವಂತಿಲ್ಲ. ಬಂಧಿಸಲೇಬೇಕು ಅನ್ನಿಸಿದರೆ ಅಧಿಕಾರಿ ಕಾರಣ ಬರೆದಿಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ದೂರು ಬಂತು ಅಂತ ಯಾಂತ್ರಿಕವಾಗಿ ಬಂಧಿಸಬೇಡಿ ಅಂತ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಮಾತು ಸೇರಿಸಿತು: ಈ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವಂತಿಲ್ಲ.

ನೋಟಿಸ್ ಬಂದರೆ ಹೆದರಿ ಊರು ಬಿಡುವವರು ನಮ್ಮಲ್ಲಿ ಜಾಸ್ತಿ. ಅದು ತಪ್ಪು ಲೆಕ್ಕ. ನೋಟಿಸಿಗೆ ಹಾಜರಾಗುವುದು ಬಂಧನವನ್ನು ದೂರ ಇಡುತ್ತದೆ, ಹಾಜರಾಗದಿರುವುದೇ ಬಂಧನಕ್ಕೆ ಕಾರಣ ಆಗುತ್ತದೆ.

ಇಪ್ಪತ್ನಾಲ್ಕು ಗಂಟೆಯ ಗೆರೆ

ಸಂವಿಧಾನದ 22ನೇ ವಿಧಿಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಯಾರನ್ನೇ ಬಂಧಿಸಿದರೂ 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವರ ಅಪ್ಪಣೆ ಇಲ್ಲದೆ ಅದಕ್ಕಿಂತ ಒಂದು ನಿಮಿಷವೂ ಇಟ್ಟುಕೊಳ್ಳುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 58ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ.

ಯಾಕೆ ಈ ಗೆರೆ? ಹಿಡಿದವನೇ ತೀರ್ಮಾನವನ್ನೂ ಮಾಡಬಾರದು ಅಂತ. ಹಿಡಿದದ್ದು ಸರಿಯಾ, ಇನ್ನೂ ಇಟ್ಟುಕೊಳ್ಳಬೇಕಾ, ಮೈಮೇಲೆ ಗಾಯ ಇದೆಯಾ, ಇದನ್ನೆಲ್ಲ ಪೊಲೀಸ್ ಅಲ್ಲದ ಇನ್ನೊಂದು ಜೋಡಿ ಕಣ್ಣು ನೋಡಬೇಕು. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ‘ಏನಾದರೂ ತೊಂದರೆ ಕೊಟ್ಟರಾ?’ ಅಂತ ಕೇಳುತ್ತಾರೆ. ಅದು ಕಾಟಾಚಾರದ ಪ್ರಶ್ನೆ ಅಂತ ತಿಳಿದು ತಲೆ ಅಲ್ಲಾಡಿಸಿ ಬರಬೇಡಿ. ಹೊಡೆದಿದ್ದರೆ ಹೇಳುವ ಜಾಗ ಅದೇ.

ಲೆಕ್ಕ ಹೀಗೆ. ಮಂಗಳವಾರ ಮುಂಜಾನೆ ಒಂಬತ್ತಕ್ಕೆ ಹಿಡಿದರೆ, ಬುಧವಾರ ಮುಂಜಾನೆ ಒಂಬತ್ತರೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಹಿಡಿದ ಜಾಗದಿಂದ ಕೋರ್ಟಿಗೆ ಬರುವ ಪ್ರಯಾಣದ ಹೊತ್ತನ್ನು ಮಾತ್ರ ಲೆಕ್ಕದಿಂದ ಬಿಡುತ್ತಾರೆ. ರಾಯಚೂರಿನವನನ್ನು ಹೈದರಾಬಾದಿನಲ್ಲಿ ಹಿಡಿದರೆ ದಾರಿಯ ಹೊತ್ತು ಬೇರೆ. ನಮ್ಮೂರಲ್ಲೇ ಹಿಡಿದು, ಕೋರ್ಟು ನಮ್ಮ ತಾಲೂಕಿನಲ್ಲೇ ಇದ್ದರೆ ಬಿಡುವ ಹೊತ್ತು ಎಷ್ಟು ಅಂತ ಎಲ್ಲರಿಗೂ ಗೊತ್ತು. ಭಾನುವಾರ, ಹಬ್ಬ ಅನ್ನುವುದು ನೆಪ ಅಲ್ಲ. ರಜೆ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗುತ್ತಾರೆ.

ಆದ್ದರಿಂದ ಮನೆಯವರು ಮಾಡಬೇಕಾದ ಮೊದಲ ಕೆಲಸ ಅಂದರೆ ಹೊತ್ತು ಬರೆದಿಡುವುದು. ನನ್ನ ತಂಗಿಗೆ ಆ ರಾತ್ರಿ ನಾನು ಹೇಳಿದ್ದೂ ಅಷ್ಟೇ. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದೊಳಗೆ, ‘2 ಲೀ.’ ಅನ್ನುವುದರ ಕೆಳಗೆ ‘9 ಗಂಟೆ, ಇಬ್ಬರು, ಬೈಕು’ ಅಂತ ಬರೆದಳು. ಅದನ್ನು ಫೋಟೊ ತೆಗೆದು ನನಗೆ ಕಳಿಸಿದಳು. ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಗಾಡಿ, ಅಕ್ಕಪಕ್ಕ ಯಾರು ನೋಡಿದರು. ಮುಂದೆ ವಕೀಲರು ಕೇಳುವ ಮೊದಲ ಪ್ರಶ್ನೆಗಳು ಇವೇ.

ಹಿಡಿದಾಗ ಕೊಡಬೇಕಾದ ಕಾಗದ

1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ಹನ್ನೊಂದು ನಿಯಮ ಹಾಕಿಕೊಟ್ಟಿತು. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ ಅಂತ ಕೋರ್ಟಿಗೆ ಬಂದ ಒಂದು ಪತ್ರದಿಂದ ಶುರುವಾದ ಪ್ರಕರಣ ಅದು. ಆ ನಿಯಮಗಳಲ್ಲಿ ಮುಖ್ಯವಾದವು ಈಗ ಕಾನೂನಿನೊಳಗೇ ಸೇರಿವೆ. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು ಕಾಣಬೇಕು. ದಸ್ತಗಿರಿ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಮರ್ಯಾದಸ್ಥರೊಬ್ಬರ ಸಾಕ್ಷಿ ಸಹಿ ಇರಬೇಕು, ಬಂಧಿತನ ಸಹಿಯೂ ಇರಬೇಕು. ಮನೆಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯರ ತಪಾಸಣೆ ಆಗಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡಬಹುದು, ಉದ್ದಕ್ಕೂ ಪಕ್ಕದಲ್ಲೇ ಕೂರಿಸಿಕೊಳ್ಳಲು ಆಗದಿದ್ದರೂ.

ಮೆಮೊಗೆ ಸಹಿ ಹಾಕುವ ಮೊದಲು ಅದರಲ್ಲಿ ಬರೆದ ಹೊತ್ತು ನೋಡಿ. ಮುಂಜಾನೆ ಒಂಬತ್ತಕ್ಕೆ ಹಿಡಿದು ‘ರಾತ್ರಿ ಎಂಟು’ ಅಂತ ಬರೆದಿದ್ದರೆ ಹನ್ನೊಂದು ಗಂಟೆ ಲೆಕ್ಕದಿಂದಲೇ ಮಾಯವಾಯಿತು. ಕ್ಯಾಲೆಂಡರಿನ ಚೌಕ ಕೆಲಸಕ್ಕೆ ಬರುವುದು ಆಗ.

ಯಾಕೆ ಹಿಡಿದರು ಅನ್ನುವುದನ್ನೂ ಹೇಳಲೇಬೇಕು. ಮೊದಲು ಬಾಯಿಮಾತು ಸಾಕು ಅನ್ನುವವರಿದ್ದರು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ಹೇಳಿತು. ತೆಲುಗು, ಉರ್ದು, ಲಂಬಾಣಿ, ಕನ್ನಡ ಎಲ್ಲ ಕಲೆತ ನಮ್ಮ ಜಿಲ್ಲೆಗಳಿಗೆ ‘ತಿಳಿಯುವ ಭಾಷೆ’ ಅನ್ನುವ ಆ ಮಾತು ಎಷ್ಟು ದೊಡ್ಡದು ಅಂತ ಇಲ್ಲಿ ಬದುಕಿದವರಿಗೇ ಗೊತ್ತು.

ಹದಿನೆಂಟು ತುಂಬದ ಮಕ್ಕಳಾದರೆ ದಾರಿಯೇ ಬೇರೆ. ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಪೊಲೀಸ್ ಕಸ್ಟಡಿ ಒಂದು, ನ್ಯಾಯಾಂಗ ಬಂಧನ ಇನ್ನೊಂದು

ಮ್ಯಾಜಿಸ್ಟ್ರೇಟರ ಮುಂದೆ ನಿಂತ ಮೇಲೆ ಮೂರು ದಾರಿ. ಬಿಡುಗಡೆ ಅಥವಾ ಜಾಮೀನು, ಪೊಲೀಸ್ ಕಸ್ಟಡಿ, ನ್ಯಾಯಾಂಗ ಬಂಧನ.

ಭತ್ತ ಬೆಳೆದವರಿಗೆ ಹೀಗೆ ಹೇಳಬಹುದು. ನಿಮ್ಮ ಚೀಲಗಳು ಮಿಲ್ಲಿನವನ ಹತ್ತಿರವೇ ಇದ್ದರೆ ಅವನು ಯಾವಾಗ ಬೇಕಾದರೂ ಬಿಚ್ಚಿ ನೋಡಬಹುದು. ಉಗ್ರಾಣದಲ್ಲಿ ಇಟ್ಟರೆ ಬೀಗ ಬೇರೆಯವರ ಕೈಯಲ್ಲಿ, ನೋಡಬೇಕಾದರೆ ಅಪ್ಪಣೆ ಬೇಕು. ಪೊಲೀಸ್ ಕಸ್ಟಡಿ ಮೊದಲಿನ ಥರ. ಆರೋಪಿ ಠಾಣೆಯಲ್ಲಿರುತ್ತಾನೆ, ತನಿಖೆ ಮಾಡುವವರೇ ಪ್ರಶ್ನೆ ಕೇಳುತ್ತಾರೆ, ಜಾಗ ತೋರಿಸಲು ಕರೆದೊಯ್ಯುತ್ತಾರೆ. ನ್ಯಾಯಾಂಗ ಬಂಧನ ಎರಡನೆಯದು. ಆರೋಪಿ ಜೈಲಿನಲ್ಲಿ, ಅಂದರೆ ಕೋರ್ಟಿನ ಸುಪರ್ದಿಯಲ್ಲಿ. ಪೊಲೀಸರು ಮಾತಾಡಿಸಬೇಕು ಅಂದರೆ ಕೋರ್ಟಿನ ಅನುಮತಿ ತರಬೇಕು.

ಪೊಲೀಸ್ ಕಸ್ಟಡಿ ಒಟ್ಟು 15 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹೊಸ ಕಾನೂನಿನ 187ನೇ ಸೆಕ್ಷನ್ ಒಂದು ಬದಲಾವಣೆ ತಂದಿದೆ. ಈ 15 ದಿನವನ್ನು ಒಟ್ಟಿಗೇ ತೆಗೆದುಕೊಳ್ಳಬೇಕಿಲ್ಲ, ಪ್ರಕರಣ ನೋಡಿಕೊಂಡು ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಲೂ ಗಡುವು ಇದೆ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಹಾಕದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು.

2024ರ ಆಗಸ್ಟಿನಲ್ಲಿ ಕನ್ನಡದ ನಟರೊಬ್ಬರನ್ನು ಬೆಂಗಳೂರಿನಿಂದ ಬಳ್ಳಾರಿ ಜೈಲಿಗೆ ತಂದರು. ಆಗ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು, “ಎಷ್ಟು ವರ್ಷ ಶಿಕ್ಷಾ ಆತ್ರಿ?” ಶಿಕ್ಷೆ ಆಗಿರಲಿಲ್ಲ. ಅದು ನ್ಯಾಯಾಂಗ ಬಂಧನ. ‘14 ದಿನ ನ್ಯಾಯಾಂಗ ಬಂಧನ’ ಅಂದರೂ ಹಾಗೇ. 14 ದಿನದ ಶಿಕ್ಷೆ ಅಂತಲೂ ಅಲ್ಲ, 14 ದಿನ ಆದ ಮೇಲೆ ಬಿಡುತ್ತಾರೆ ಅಂತಲೂ ಅಲ್ಲ. ಅಷ್ಟು ದಿನದ ಮೇಲೆ ಕೋರ್ಟು ಮತ್ತೆ ನೋಡುತ್ತದೆ ಅಂತ. ಜೈಲಿನಲ್ಲಿ ಇದ್ದು ಬಂದವನನ್ನು ಊರು ‘ಕಳ್ಳ’ ಅಂದುಬಿಡುತ್ತದೆ. ತಪ್ಪು ಸಾಬೀತಾಗುವವರೆಗೆ ಅವನು ವಿಚಾರಣಾಧೀನ, ಅಪರಾಧಿ ಅಲ್ಲ. ಈ ಎರಡು ಮಾತಿನ ನಡುವೆ ಎಷ್ಟೋ ಹುಡುಗರ ಮದುವೆ, ಕೆಲಸ ಮುರಿದುಬಿದ್ದಿವೆ.

ತಪ್ಪು ಮಾಡುವ ಮೊದಲೇ ಹಿಡಿಯುವುದು

ಇದು ಎಲ್ಲರಿಗೂ ಗೊಂದಲ ತರುವ ಜಾಗ. ಕಾಲುವೆಯ ಕೊನೆ ಭಾಗಕ್ಕೆ ನೀರು ಬಿಡಿ ಅಂತ ರೈತರು ರಸ್ತೆ ತಡೆದಾಗ ಬಸ್ಸಿಗೆ ಹತ್ತಿಸಿಕೊಂಡು ಹೋಗಿ ಸಂಜೆ ಬಿಡುತ್ತಾರಲ್ಲ, ಪೇಪರಿನಲ್ಲಿ ‘ಬಂಧಿಸಿ ಬಿಡುಗಡೆ’ ಅಂತ ಬರುತ್ತದೆ. ಅಪರಾಧ ನಡೆಯದಂತೆ ತಡೆಯಲು ಮೊದಲೇ ಹಿಡಿಯುವ ಅಧಿಕಾರ 170ನೇ ಸೆಕ್ಷನ್ನಿನಲ್ಲಿದೆ. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಹಿಡಿದಿಡುವ ಅಧಿಕಾರ 172ರಲ್ಲಿದೆ. ಎರಡಕ್ಕೂ 24 ಗಂಟೆಯ ಗೆರೆ ಇದ್ದೇ ಇದೆ.

ಆ ಗೆರೆ ಇಲ್ಲದಿರುವುದು ಮುನ್ನೆಚ್ಚರಿಕೆ ಬಂಧನದ ವಿಶೇಷ ಕಾನೂನುಗಳಿಗೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ, ನಾವು ಗೂಂಡಾ ಕಾಯ್ದೆ ಅನ್ನುವ ಕರ್ನಾಟಕದ 1985ರ ಕಾನೂನು ಈ ಗುಂಪಿನವು. ಇಲ್ಲಿ ನಡೆದ ಅಪರಾಧಕ್ಕೆ ಶಿಕ್ಷೆ ಅಲ್ಲ, ಮುಂದೆ ಮಾಡಬಹುದು ಅನ್ನುವ ಆತಂಕಕ್ಕೆ ಬಂಧನ. ಗರಿಷ್ಠ 12 ತಿಂಗಳು. ಮೂರು ತಿಂಗಳು ಮೀರಿ ಇಡಬೇಕಾದರೆ ಸಲಹಾ ಮಂಡಳಿ ಒಪ್ಪಬೇಕು. ಕಾರಣ ತಿಳಿಸಬೇಕು, ಮನವಿ ಕೊಡಲು ಅವಕಾಶ ಕೊಡಬೇಕು.

ಬಳ್ಳಾರಿಗೆ ಇದು ಹೊಸತಲ್ಲ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ಅಲಿಪುರ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದರು. ಆ ಜನರ ನೆನಪು ಹಸಿಯಾಗಿದ್ದಾಗಲೇ 22ನೇ ವಿಧಿ ಬರೆದದ್ದು. 24 ಗಂಟೆಯ ರಕ್ಷಣೆಯೂ ಅದರಲ್ಲೇ ಇದೆ, ಮುನ್ನೆಚ್ಚರಿಕೆ ಬಂಧನಕ್ಕೆ ಜಾಗ ಕೊಟ್ಟ ಸಾಲುಗಳೂ ಅದರಲ್ಲೇ ಇವೆ.

ಎಲ್ಲಿದ್ದಾನೆ ಅಂತಲೇ ಗೊತ್ತಾಗದಿದ್ದರೆ

ಪ್ರತಿ ಠಾಣೆಯಲ್ಲೂ ಬಂಧಿತರ ಮಾಹಿತಿ ನೋಡಿಕೊಳ್ಳಲು ಒಬ್ಬ ನಿಯೋಜಿತ ಅಧಿಕಾರಿ ಇರಬೇಕು, ಹೆಸರುಗಳ ಪಟ್ಟಿ ಕಾಣುವಂತೆ ಹಾಕಬೇಕು. ಇದು 37ನೇ ಸೆಕ್ಷನ್. ‘ಸಾಹೇಬ್ರ, ಆ ಪಟ್ಟಿ ಎಲ್ಲದ?’ ಅಂತ ಸಮಾಧಾನದಿಂದ ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಕೋರ್ಟಿನ ಆವರಣದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ವಶದಲ್ಲಿರುವವರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡುತ್ತಾರೆ.

24 ಗಂಟೆ ದಾಟಿದರೂ ಕೋರ್ಟಿಗೆ ತರದಿದ್ದರೆ, ಹಿಡಿದೇ ಇಲ್ಲ ಅಂದುಬಿಟ್ಟರೆ, ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಹಳೆಯ ಲ್ಯಾಟಿನ್ ಮಾತು ಅದು, ‘ಆ ವ್ಯಕ್ತಿಯನ್ನು ತಂದು ನಿಲ್ಲಿಸು’ ಅನ್ನುವ ಆದೇಶ. ಒಳಗಿರುವವನೇ ಹಾಕಬೇಕಿಲ್ಲ. ತಾಯಿ ಹಾಕಬಹುದು, ಅಣ್ಣ ಹಾಕಬಹುದು, ಗೆಳೆಯ ಹಾಕಬಹುದು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಹೋಗುವಾಗ ಆಧಾರ್ ಕಾರ್ಡಿನ ಜೊತೆ ಹೊತ್ತು ಬರೆದಿಟ್ಟ ಆ ಕ್ಯಾಲೆಂಡರಿನ ಹಾಳೆಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ.